ಗೂಬೆಯ ಗಂಟಲಲ್ಲಿ ಮೂಳೆ

ಕಾಡಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಕೆಲಸ ಗೂಬೆಯದು. ಕತ್ತಲ ಪೊಟರೆ ಬಿಟ್ಟು ಅದು ಹೊರಗೆ ಬರುತ್ತಲೇ ಇರಲಿಲ್ಲ. ತುರ್ತು ಚಿಕಿತ್ಸೆಯ ಡಾಕ್ಟರು ಕೋತಿಯೋ, ಬಂದ ರೋಗಿಯನ್ನು ಮುಟ್ಟಿಯೂ ನೋಡದೆ "ಅರ್ಜೆಂಟು" ಎಂದು ಬರೆದು ಪೊಟರೆಗೆ ಅಟ್ಟುತ್ತಿತ್ತು. ಆ ಸಿಟ್ಟಿಗೆ ಗೂಬೆ ಎಲ್ಲರಿಗೂ ಒಂದೇ ವರದಿ ಕೊಡುತ್ತಿತ್ತು: "ಇರಬಹುದು, ಇಲ್ಲದಿರಲೂಬಹುದು. ರೋಗಿಯನ್ನು ಮುಟ್ಟಿ ನೋಡಿ ನಿರ್ಧರಿಸುವುದು."

ಒಂದು ದಿನ ಊಟದ ಹೊತ್ತಿಗೆ ಗೂಬೆಯ ಗಂಟಲಿಗೇ ಮೂಳೆ ಸಿಕ್ಕಿಕೊಂಡಿತು. ಅದು ಎದ್ದೆನೋ ಬಿದ್ದೆನೋ ಎಂದು ಕೋತಿಯ ಬಳಿ ಹಾರಿತು.

ಕೋತಿ ತಲೆಯನ್ನೂ ಎತ್ತದೆ, "ಅರ್ಜೆಂಟು. ಗೂಬೆಯವರಿಗೆ ತೋರಿಸಿಕೊಂಡು ಬನ್ನಿ" ಎಂದಿತು.

"ನಾನೇ ಗೂಬೆ ಕಣಯ್ಯಾ!"

"ಓಹೋ, ತಾವೋ! ಹಾಗಾದರೆ ವರದಿ ಹೇಳಿ. ಗಂಟಲಲ್ಲಿ ಮೂಳೆ ಇದೆಯೋ?"

"ಇರಬಹುದು, ಇಲ್ಲದಿರಲೂ..." ಎನ್ನುವಷ್ಟರಲ್ಲಿ ಗೂಬೆಗೆ ಉಸಿರು ಕಟ್ಟಿತು. "ಇದೆ! ಎಡಗಡೆಯೇ ಇದೆ! ಕೈ ಹಾಕಿ ಕೀಳೋ ಮಾರಾಯ!"

ಕೋತಿ ಕೈ ಹಾಕಿ ಕಿತ್ತಿತು.

ಮರುದಿನ ಕರಡಿ ಹೊಟ್ಟೆನೋವೆಂದು ಬಂತು. ಕೋತಿ ಮೊದಲು ಹೊಟ್ಟೆ ಒತ್ತಿ ನೋಡಿ, "ಬಲಗಡೆ ನೋವು" ಎಂದು ಬರೆದು ಕಳಿಸಿತು. ಗೂಬೆ ಚಿತ್ರ ನೋಡಿ, "ಬಲಗಡೆ ಹಲಸಿನ ಬೀಜ ಇದೆ" ಎಂದು ಧೈರ್ಯವಾಗಿ ಬರೆಯಿತು. ಆಮೇಲೆ ಅತ್ತಿತ್ತ ನೋಡಿ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿತು: "ಬಹುಶಃ."