ತಪ್ಪಿಲ್ಲದ ದಿನಚರಿ

ತೊಗಲು ಹೊದಿಕೆಯ ದಿನಚರಿ ಪುಸ್ತಕಕ್ಕೆ ಒಂದೇ ಜಂಬ: ಹನ್ನೊಂದು ದೇಶ ಸುತ್ತಿದರೂ ಮೈಮೇಲೆ ಒಂದು ತಪ್ಪಕ್ಷರ ಬಿದ್ದಿರಲಿಲ್ಲ. ಯಾವ ಅಕ್ಷರವೂ ಬಿದ್ದಿರಲಿಲ್ಲ, ಅದು ಬೇರೆ ಮಾತು. ಒಡತಿ ವಾರಿಜಾ ಪೆನ್ನು ಹಿಡಿದಾಗಲೆಲ್ಲ, "ಇಷ್ಟು ಸಣ್ಣ ಮಾತಿಗೆ ನಾನೇ ಬೇಕೆ?" ಎಂದು ಅದು ಮುಖ ಗಂಟಿಕ್ಕುತ್ತಿತ್ತು; ಅವಳು ಪೆನ್ನು ಮುಚ್ಚಿಡುತ್ತಿದ್ದಳು. ಕೊನೆಗೆ ಹುಳ ಹಿಡಿಯಿತು. ವಾರಿಜಾ ಅದನ್ನು ಹೊಸ್ತಿಲ ಬಳಿ ಬಿಸಿಲಿಗಿಟ್ಟು, "ತೂತು ಬಿದ್ದಿದ್ದರೆ ಸಂಜೆ ರದ್ದಿಗೆ" ಎಂದಳು.

ಪಕ್ಕದಲ್ಲಿ ರಂಗೋಲಿ ಪುಡಿಯ ತೆಂಗಿನ ಚಿಪ್ಪು ಕೂತಿತ್ತು.

"ದಿನಾ ಬಿಡಿಸುವುದು, ದಿನಾ ತುಳಿಸಿಕೊಳ್ಳುವುದು! ನಾಚಿಕೆಯಾಗುವುದಿಲ್ಲವೆ?" ಎಂದಿತು ಪುಸ್ತಕ.

"ಆಗುತ್ತದೆ ರಾಯರೇ," ಎಂದಿತು ಚಿಪ್ಪು. "ನೀರು ಹಾಕುವ ಮುಂಚೆ ನಿನ್ನೆಯದನ್ನು ಒಮ್ಮೆ ನೋಡುತ್ತೇವೆ. ಯಾವುದೋ ಎಳೆ ಚುಕ್ಕಿ ಬಿಟ್ಟು ಓಡಿರುತ್ತದೆ. ನಾಚಿಕೆಯಾಗುವುದರಿಂದಲೇ ನಾಳೆ ಬೇಗ ಏಳೋಣ ಅನಿಸುತ್ತದೆ. ತಮ್ಮದು ತೋರಿಸಿ, ನೋಡೋಣ."

ಅಷ್ಟರಲ್ಲಿ ಗಾಳಿ ಬೀಸಿ ಹಾಳೆ ತೆರೆಯಿತು. ಇದ್ದದ್ದು ಹುಳ ಕೊರೆದ ತೂತುಗಳು ಮಾತ್ರ. ಪುಸ್ತಕಕ್ಕೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

ಸಂಜೆ ರದ್ದಿಯವನು ಬೀದಿಯಲ್ಲಿ ಕೂಗಿದ. ವಾರಿಜಾ ಬಂದಳು. ಪುಸ್ತಕ ಮುಚ್ಚಿಕೊಳ್ಳಬಹುದಿತ್ತು, ಮುಚ್ಚಿಕೊಳ್ಳಲಿಲ್ಲ. ಅವಳು ತೂತುಗಳನ್ನು ದಿಟ್ಟಿಸಿದಳು. ಪೆನ್ನು ತಂದು, ಅವನ್ನೇ ಚುಕ್ಕಿ ಮಾಡಿಕೊಂಡು ನಾಳೆಯ ರಂಗೋಲಿಗೆ ಎಳೆ ಎಳೆದಳು. ಒಂದು ಎಳೆ ತಪ್ಪಿತು.

ಪುಸ್ತಕ ನಾಚಿತು. ನಾಚುತ್ತಲೇ, ಯಾವಾಗ ಬೆಳಗಾದೀತೆಂದು ಕಾಯತೊಡಗಿತು.