ಕಪ್ಪೆಗಳು ಸುಮ್ಮನಾದ ಕೆರೆ

ಮಕ್ಕಳೇ, ಈ ಕೆರೆಯನ್ನು ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಅದು ಕಾಡಿನ ನಡುವೆ ಇತ್ತು. ಬೆಳಗಿನ ಹೊತ್ತು ಅದರ ಮೇಲೆ ಮಂಜು ಎಷ್ಟು ದಟ್ಟವಾಗಿ ಮಲಗುತ್ತಿತ್ತೆಂದರೆ, ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಮೀನುಗಳಿಗೂ ಅನುಮಾನ. ತಾವರೆ ಎಲೆಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು. ಆ ಬಿಳುಪಿನೊಳಗಿಂದ ಕಪ್ಪೆಗಳ ಕೂಗು ಮಾತ್ರ ಏಳುತ್ತಿತ್ತು, ಕೆರೆಯೇ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದೆಯೋ ಎಂಬಂತೆ.

ಆ ಕೆರೆಯವರಲ್ಲಿ ಒಂದು ಪದ್ಧತಿ ಇತ್ತು. ಕಪ್ಪೆ ಕೂಗುತ್ತಿದ್ದರೆ ಎಲ್ಲರೂ ಕ್ಷೇಮ. ಜೊಂಡಿನೊಳಗೆ ಹಾವೋ ಉಡವೋ ನುಸುಳಿತೆಂದರೆ ಹತ್ತಿರದ ಕಪ್ಪೆ ಬಾಯಿ ಮುಚ್ಚುತ್ತಿತ್ತು. ಅದರ ಪಕ್ಕದ್ದೂ ಮುಚ್ಚುತ್ತಿತ್ತು. ಆ ಮೌನವೇ ಅಪಾಯದ ಗಂಟೆ. ಮೌನ ಬಿದ್ದೊಡನೆ ಮೀನು ಆಳಕ್ಕೆ, ಹುಂಡುಕೋಳಿ ಗೂಡಿಗೆ, ಕಾವಲುಗಾರ ಜೊಂಡಿಗೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಆಗ ಕಾವಲುಗಾರನಾಗಿದ್ದವನು ನಿಧಾನಯ್ಯ ಎಂಬ ಆಮೆ. ಅವನು ಓಡಿ ಹಿಡಿದ ಕಳ್ಳ ಒಬ್ಬನೂ ಇಲ್ಲ. ಆದರೆ ಅವನು ಜೊಂಡಿನ ಬಳಿ ನಿಂತು, "ಯಾರದು ಅಲ್ಲಿ?" ಎಂದರೆ ಹತ್ತು ಬಾಯಿಗಳು ಒಟ್ಟಿಗೆ ಹೇಳುತ್ತಿದ್ದವು. ಹೆಸರು ಬಯಲಾದ ಮೇಲೆ ಯಾವ ಕಳ್ಳನಿಗೂ ಅಲ್ಲಿ ನಿಲ್ಲುವ ಮನಸ್ಸಿರುತ್ತಿರಲಿಲ್ಲ.

ನಿಧಾನಯ್ಯನಿಗೆ ವಯಸ್ಸಾಯಿತು. ಕಾಡಿನ ದರ್ಬಾರು ಹೊಸ ಕಾವಲುಗಾರನನ್ನು ಕಳಿಸಿತು. ಅವನೊಬ್ಬ ಗಿಡುಗ, ಹೆಸರು ದೀರ್ಘನೇತ್ರ. ದೂರದ ಬೆಟ್ಟದಲ್ಲಿ ಕಾವಲಿನ ವಿದ್ಯೆ ಕಲಿತು ಬಂದಿದ್ದ. ಒಳ್ಳೆಯವನೇ. ಕೆರೆಯ ಒಂದು ಕಪ್ಪೆಯನ್ನೂ ತಿನ್ನುವುದಿಲ್ಲ ಎಂದು ಪ್ರಮಾಣ ಮಾಡಿದ್ದ, ಪಾಲಿಸುತ್ತಲೂ ಇದ್ದ. ಪ್ರಮಾಣ ಮಾಡಿದ್ದು ದರ್ಬಾರಿನ ಮುಂದೆ. ಕಪ್ಪೆಗಳಿಗೆ ಯಾರೂ ತಿಳಿಸಲಿಲ್ಲ.

"ಒಮ್ಮೆ ಕೆರೆ ಸುತ್ತಿ ಬರೋಣ ಬಾ," ಎಂದ ನಿಧಾನಯ್ಯ. "ಒಂದೊಂದು ಮನೆಯನ್ನೂ ತೋರಿಸುತ್ತೇನೆ."

"ಬೇಡ ಅಜ್ಜ. ಮೇಲಿನಿಂದ ನನಗೆ ಎಲ್ಲವೂ ಕಾಣುತ್ತದೆ," ಎಂದ ದೀರ್ಘನೇತ್ರ. ನೆಲದ ಮೇಲೆ ನಡೆಯುವುದು ಅವನಿಗೆ ನಾಚಿಕೆಯ ವಿಷಯ. ಗಿಡುಗಗಳ ನಡಿಗೆ ಚೆನ್ನಾಗಿರುವುದಿಲ್ಲ.

ಮಾರನೆಯ ದಿನವೇ ಕೆಲಸ ಶುರು. ಅವನು ಕೆರೆಯನ್ನು ಮನಸ್ಸಿನಲ್ಲಿ ಹದಿನಾರು ಚೌಕಗಳಾಗಿ ಕೊಯ್ದ. ಯಾವ ಚೌಕದಲ್ಲಿ ಜೊಂಡು ಹೆಚ್ಚು ಅಲುಗುತ್ತದೋ ಅಲ್ಲಿ ಹೆಚ್ಚು ಸಲ ಎರಗುವುದು, ಇದು ಅವನ ವಿದ್ಯೆ. ಅವನು ಎರಗಿದರೆ ಕಪ್ಪೆಗಳು ಹೆದರಿ ನೆಗೆಯುತ್ತಿದ್ದವು. ನೆಗೆದರೆ ಜೊಂಡು ಇನ್ನಷ್ಟು ಅಲುಗುತ್ತಿತ್ತು. ಅಲುಗಿದ್ದಕ್ಕೆ ಅವನು ಇನ್ನಷ್ಟು ಎರಗುತ್ತಿದ್ದ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ.

ಒಂದು ದಿನ ಅವನ ಉಗುರಿಗೆ ಡೊಳ್ಳಪ್ಪ ಸಿಕ್ಕಿದ. ಡೊಳ್ಳಪ್ಪ ಜೊಂಡಿನ ಹಿರಿಯ ಕಪ್ಪೆ, ಗಂಟಲೂ ದೊಡ್ಡದು, ಹೊಟ್ಟೆಯೂ ದೊಡ್ಡದು.

"ಇಲ್ಲಿ ನಿನಗೇನು ಕೆಲಸ?"

"ಸಾಹೇಬ್ರೇ, ಇದು ನನ್ನ ಮನೆ."

"ಮನೆಯಲ್ಲಿ ಯಾಕೆ ಹಾಗೆ ನೆಗೆದಾಡುತ್ತಿದ್ದೆ?"

"ಕಪ್ಪೆ ಅಲ್ಲವೇ ಸ್ವಾಮಿ, ನಡೆದು ಅಭ್ಯಾಸವಿಲ್ಲ."

"ತಲೆಹರಟೆ ಬೇಡ. ಇನ್ನು ಮೇಲೆ ಅನುಮಾನ ಬರುವ ಹಾಗೆ ಇರಬಾರದು," ಎಂದು ದೀರ್ಘನೇತ್ರ ಅವನನ್ನು ಕೆಸರಿಗೆ ಬಿಟ್ಟ. ಬೆನ್ನ ಮೇಲೆ ಮೂರು ಗೀರು ಬಿದ್ದಿತ್ತು, ಅಷ್ಟೇ. ಅದನ್ನು ಅವನು ಮೇಲಿನಿಂದ ಗಮನಿಸಲಿಲ್ಲ.

ಅಂದು ಸಂಜೆ ಡೊಳ್ಳಪ್ಪ ಕೂಗಲಿಲ್ಲ. ಮರುದಿನ ಅವನ ಸೋದರಳಿಯಂದಿರು ಕೂಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೆರೆಯ ಸದ್ದೆಲ್ಲ ಅಡಗಿತು. ಮಂಜು ಬಂತು, ಹೋಯಿತು. ತಾವರೆ ಅರಳಿತು, ಮುಚ್ಚಿತು. ಒಂದು ಹನಿ ನೀರು ಎಲೆಯಿಂದ ಜಾರಿದರೂ ಆಚೆ ದಡಕ್ಕೆ ಕೇಳಿಸುವಂಥ ನಿಶ್ಶಬ್ದ. ಆ ನಿಶ್ಶಬ್ದದ ಮೇಲೆ ದೀರ್ಘನೇತ್ರ ಕನಸಿನಲ್ಲಿ ತೇಲುವವನಂತೆ ರೆಕ್ಕೆ ಬಿಚ್ಚಿ ಸುತ್ತುತ್ತಿದ್ದ. ಇಷ್ಟು ಶಾಂತವಾದ ಕೆರೆ ಇಡೀ ಕಾಡಿನಲ್ಲಿ ಇನ್ನೊಂದಿಲ್ಲ ಎಂದು ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ದರ್ಬಾರಿಗೂ ಹಾಗೇ ಅನ್ನಿಸಿತು. ಅವನಿಗೊಂದು ನವಿಲುಗರಿ ಕೊಟ್ಟರು. ಗಿಡುಗನಿಗೆ ನವಿಲುಗರಿ ಯಾಕೆ ಎಂದು ಕೇಳಬೇಡಿ. ಪ್ರಶಸ್ತಿಗಳು ಹಾಗೇ ಇರುತ್ತವೆ.

ಎರಡನೆಯ ತಿಂಗಳು ಬಿಳಿಯಕ್ಕ ಅವನನ್ನು ಹುಡುಕಿಕೊಂಡು ಬಂದಳು. ಅವಳು ಬಿಳಿ ಎದೆಯ ಹುಂಡುಕೋಳಿ, ನೀರಂಚಿನಲ್ಲಿ ಗೂಡು ಕಟ್ಟುವವಳು. ಗೂಡಿನಲ್ಲಿ ಐದು ಮೊಟ್ಟೆಗಳಿದ್ದವು. ಗಿಡುಗ ಕೂತಿದ್ದ ಒಣಮರದ ಬುಡದಲ್ಲಿ ನಿಂತು ಕತ್ತೆತ್ತಿದಳು.

"ಅಣ್ಣಾ, ಕಪ್ಪೆ ಕೂಗುತ್ತಿಲ್ಲ. ನನಗೆ ಗೂಡು ಬಿಟ್ಟು ಹೋಗಲು ಭಯ. ಎರಡು ದಿನದಿಂದ ಒಂದು ಹುಳವನ್ನೂ ತಿಂದಿಲ್ಲ."

"ಕೂಗದಿದ್ದರೆ ಒಳ್ಳೆಯದೇ ಅಲ್ಲವೇ ತಂಗಿ? ಗಲಾಟೆ ಇಲ್ಲ."

"ಗಲಾಟೆ ಇದ್ದರೆ ನನಗೆ ಧೈರ್ಯ."

ಯಾಕೆ ಎಂದು ಕೇಳಬಹುದಿತ್ತು. ಒಂದೇ ಪದ. ದೀರ್ಘನೇತ್ರ ನಕ್ಕ. "ಹೋಗಿ ಮೇದು ಬಾ. ಮೇಲೆ ನಾನಿದ್ದೇನೆ."

ಅವಳು ಅವನ ಮಾತು ನಂಬಿದಳು. ಹಸಿದವರು ಬೇಗ ನಂಬುತ್ತಾರೆ.

ಮರುದಿನ ಬೆಳಿಗ್ಗೆ ಅವಳು ಮೇಯಲು ಹೋದಾಗ ಮಂಜು ಹಾಲಿನಂತೆ ಸುರಿದಿತ್ತು. ದೀರ್ಘನೇತ್ರ ಮೇಲೆ ಸುತ್ತುತ್ತಲೇ ಇದ್ದ. ಕೆಳಗೆ ಹದಿನಾರು ಚೌಕವೂ ಇಲ್ಲ, ಜೊಂಡೂ ಇಲ್ಲ, ಬರೀ ಬಿಳುಪು. ಎಷ್ಟು ಚಂದ, ಎಂದುಕೊಂಡ. ಆ ಬಿಳುಪಿನ ಕೆಳಗೆ ಒಂದು ಉಡ ಆತುರವಿಲ್ಲದೆ ನಡೆಯುತ್ತಿತ್ತು.

ಆಮೇಲೆ ಒಂದು ಕೂಗು ಕೇಳಿಸಿತು. ಕಪ್ಪೆಯದಲ್ಲ.

ದೀರ್ಘನೇತ್ರ ದನಿ ಹಿಡಿದು ಕೆಳಗಿಳಿದ. ಬಂದ ಮೇಲೆ ಅವನ ಕಾಲು ಆ ದಡದ ಕೆಸರು ಮುಟ್ಟಿದ್ದು ಅದೇ ಮೊದಲು. ಗೂಡಿನಲ್ಲಿ ಐದು ಮೊಟ್ಟೆಗಳ ಸಿಪ್ಪೆ ಇತ್ತು. ಕೆಸರಿನ ಮೇಲೆ ಉಡದ ಬಾಲ ಎಳೆದ ಗೆರೆ, ಎರಡೂ ಬದಿಗೆ ಹೆಜ್ಜೆ. ಬಿಳಿಯಕ್ಕ ಸಿಪ್ಪೆಗಳನ್ನು ಕೊಕ್ಕಿನಿಂದ ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು, ಸರಿಯಾಗಿ ಇಟ್ಟರೆ ಮತ್ತೆ ಕೂಡಿಕೊಳ್ಳುತ್ತವೋ ಎಂಬಂತೆ.

ಎರಡು ಮಾರು ದೂರದಲ್ಲಿ ಡೊಳ್ಳಪ್ಪ ಕಲ್ಲಿನಂತೆ ಕೂತಿದ್ದ.

"ನೀನು ನೋಡಿದೆಯಾ?" ಎಂದ ದೀರ್ಘನೇತ್ರ.

"ನೋಡಿದೆ."

"ಮತ್ತೆ ಯಾಕೆ ಕೂಗಲಿಲ್ಲ?"

"ನಾವು ಕೂಗುವುದು ಕ್ಷೇಮವಿದ್ದಾಗ, ಸಾಹೇಬ್ರೇ. ಅಪಾಯ ಬಂದರೆ ಸುಮ್ಮನಾಗುತ್ತೇವೆ. ಈ ಕೆರೆಯಲ್ಲಿ ಗೊದಮೊಟ್ಟೆಗೂ ಗೊತ್ತು ಅದು. ಸುಮ್ಮನಾಗಿ ಎರಡು ಹುಣ್ಣಿಮೆ ಕಳೆಯಿತು. ಇನ್ನೂ ಎಷ್ಟು ಸುಮ್ಮನಾಗಬೇಕಿತ್ತು?"

"ಬಂದು ಹೇಳಬಹುದಿತ್ತಲ್ಲ!"

"ಹೇಳಲು ನೆಗೆಯಬೇಕು. ನೆಗೆದರೆ ನೀವು ಎರಗುತ್ತೀರಿ. ಉಡ ಒಂದು ದಿನ ಬರುತ್ತದೆ, ತಿನ್ನುತ್ತದೆ, ಹೋಗುತ್ತದೆ. ನೀವು ದಿನವೂ ಇರುತ್ತೀರಿ."

"ನಾನು ಈವರೆಗೆ ಒಂದು ಕಪ್ಪೆಯನ್ನೂ ತಿಂದಿಲ್ಲ!"

"ಹೌದಾ?" ಡೊಳ್ಳಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಮಗೆ ಹೇಗೆ ಗೊತ್ತಾಗಬೇಕು? ಕೆಳಗಿನಿಂದ ಬರೀ ಉಗುರು ಕಾಣುತ್ತದೆ."

ದೀರ್ಘನೇತ್ರ ಬಿಳಿಯಕ್ಕನ ಕಡೆ ತಿರುಗಿದ. "ತಂಗಿ, ಇನ್ನೊಮ್ಮೆ ಮೊಟ್ಟೆ ಇಡು. ಈ ಸಲ ನಿನ್ನ ಗೂಡಿನ ಮೇಲಿಂದ ಕದಲುವುದಿಲ್ಲ ನಾನು."

"ಇಡುತ್ತೇನೆ," ಎಂದಳು ಬಿಳಿಯಕ್ಕ. "ಕಪ್ಪೆ ಕೂಗುವ ಕೆರೆಯಲ್ಲಿ ಇಡುತ್ತೇನೆ." ಅವಳು ಜೊಂಡು ದಾಟಿ, ಮಂಜಿನೊಳಗೆ ನಡೆದು ಹೋದಳು. ಮೊದಲು ಕಾಲು ಕಾಣದಾಯಿತು, ಆಮೇಲೆ ಬಿಳಿ ಎದೆ ಬಿಳುಪಿನಲ್ಲಿ ಕರಗಿತು.

ದೀರ್ಘನೇತ್ರ ನಿಧಾನಯ್ಯನ ಬಳಿ ಹೋದ. ಮುದುಕ ಮರದ ದಿಮ್ಮಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ.

"ಅಜ್ಜ, ನೀನೇ ಬಂದುಬಿಡು. ಅವು ಕೂಗಲಿ."

"ಬಂದರೆ ಕೂಗುತ್ತವೆ. ನನಗೆ ಕೂಗುತ್ತವೆ, ನಿನಗಲ್ಲ. ನಾನು ಇನ್ನೆಷ್ಟು ದಿನ?" ನಿಧಾನಯ್ಯ ಕಣ್ಣು ಮುಚ್ಚಿದ. "ರೆಕ್ಕೆ ಮಡಚು. ಕಾಲಿದೆಯಲ್ಲ, ನಡೆ."

"ಎಷ್ಟು ದಿನ ನಡೆಯಬೇಕು?"

ನಿಧಾನಯ್ಯ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಗಿಡುಗ ಕೆರೆಯ ದಂಡೆಯ ಮೇಲೆ ನಡೆಯತೊಡಗಿದ. ಒಂದು ಹೆಜ್ಜೆಗೆ ಎಡಕ್ಕೆ ವಾಲಿದ, ಇನ್ನೊಂದಕ್ಕೆ ಬಲಕ್ಕೆ. ಕೆಸರಿನಲ್ಲಿ ಉಗುರು ಹೂತು ಮುಗ್ಗರಿಸಿದ. ಜೊಂಡಿನೊಳಗೆ ನೂರು ಜೋಡಿ ಕಣ್ಣುಗಳು ನೋಡಿದವು, ಒಂದೂ ಕೂಗಲಿಲ್ಲ. ಬಿಲದ ಬಾಯಲ್ಲಿದ್ದ ಒಂದು ಏಡಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಸಾಹೇಬ್ರೇ, ನಮ್ಮ ಹಾಗೆ ಅಡ್ಡಡ್ಡ ನಡೆದು ನೋಡಿ. ಸುಲಭ."

ದೀರ್ಘನೇತ್ರ ನಿಂತ. ಈ ಏಡಿ ಇಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬಗ್ಗಿ ಕೇಳಿದ, "ನಿನ್ನ ಹೆಸರೇನಪ್ಪಾ?"

ಏಡಿಯ ನಗು ನಿಂತಿತು. ಅದು ಒಂದು ಹೆಜ್ಜೆ ಬಿಲದೊಳಕ್ಕೆ ಸರಿಯಿತು.

"ಯಾಕೆ ಬೇಕಿತ್ತು?"

ನೀತಿ: ಕಾವಲಿನವನಿಗೆ ಹೆದರಿ ಊರು ಬಾಯಿ ಮುಚ್ಚಿದರೆ, ಅದರಿಂದ ಲಾಭ ಕಳ್ಳನಿಗೆ ಮಾತ್ರ.