ಕಪಾಟಿನಲ್ಲಿ ಅಚಲಯ್ಯ

ಹೊಳೆದಂಡೆಯ ಆ ಆಶ್ರಮದಲ್ಲಿ ವೀಣೆ ಕಲಿಸುವ ಗುರುಗಳು ಒಬ್ಬರು, ಕಲಿಯುವ ಶಿಷ್ಯರು ಇಬ್ಬರೇ. ಅವರಲ್ಲೂ ಇಂದುಧರ ಅಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿದ್ದ.

ಮೊಟ್ಟಮೊದಲ ವೀಣೆಗೆ ತಂತಿ ಎಷ್ಟಿದ್ದವು ಅನ್ನುವುದಕ್ಕೆ ಶುರುವಾದ ಜಗಳ. ಮಾತಿಗೆ ಮಾತು ಬೆಳೆಯಿತು. "ನಿನ್ನ ಮುಖ ನೋಡಿದರೆ ನನ್ನ ಶ್ರುತಿ ಕೆಡುತ್ತದೆ" ಅಂದುಬಿಟ್ಟ ಇನ್ನೊಬ್ಬ ಶಿಷ್ಯ ಪಶುಪತಿ. ಪುಣ್ಯಾತ್ಮ, ಅಷ್ಟು ಅನ್ನಬಾರದಿತ್ತು.

ಈಗ ಇಂದುಧರ ದಡದಲ್ಲಿ ದೋಣಿಗೆ ಕಾಯುತ್ತಿದ್ದ. ಪೀಡೆ ತೊಲಗಿತು ಅಂತ ಪಶುಪತಿ ತನಗೆ ತಾನೇ ಹೇಳಿಕೊಂಡ. ಮನಸ್ಸು ಮಾತ್ರ ಬಿಕೋ ಅನ್ನುತ್ತಿತ್ತು.

ಗುರುಗಳು ಪುಸ್ತಕಗಳ ಹಳೆಯ ಪೆಟ್ಟಿಗೆ ತೆರೆದರು.

"ವೀಣೆಯ ಚರಿತ್ರೆ ತಿಳಿಯಬೇಕು ಅಂತ ಬರುವವರಿಗೆ ಬೇಕಾದ ಪುಸ್ತಕ ಆರಿಸಿ ಕಪಾಟಿನಲ್ಲಿಡಪ್ಪ. ಗೆದ್ದಲು ಹಿಡಿದೀತು."

ಪಶುಪತಿ ಗುರುಗಳೇ ಬರೆದ ಪುಸ್ತಕವನ್ನು ಮೊದಲು ಇಟ್ಟ. ಅದರ ಮಾತನ್ನು ಒಪ್ಪುವ ಪುಸ್ತಕಗಳನ್ನೆಲ್ಲ ಪಕ್ಕದಲ್ಲಿ ಒತ್ತಿ ಜೋಡಿಸಿದ. ಒಂದನ್ನು ಮಾತ್ರ ನೆಲದ ಮೇಲೆ ಬಿಟ್ಟ.

"ಅದ್ಯಾಕೆ ಬಿಟ್ಟೆ?"

"ಯಾರೋ ಅಚಲಯ್ಯ ಅನ್ನುವವರು ಬರೆದದ್ದು ಗುರುಗಳೇ. ಪುಟಪುಟಕ್ಕೂ ನಿಮ್ಮದು ತಪ್ಪು ಅಂತಾರೆ."

"ಅವನು ಇದ್ದದ್ದೇ ಹಾಗೆ. ಒಂದೇ ಗುರುವಿನ ಹತ್ತಿರ ಕಲಿತೆವು, ಒಂದೇ ತಟ್ಟೆಯಲ್ಲಿ ಉಂಡೆವು."

"ಈಗ ಎಲ್ಲಿದ್ದಾರೆ?"

"ನನ್ನ ಜತೆ ಜಗಳವಾಡಿ ಹೊಳೆ ದಾಟಿದ. ತಾನಾಗಿ ಬರಲಿ ಅಂತ ನಾನು ಕೂತೆ. ನಾನು ಕರೆಯಲಿ ಅಂತ ಅವನೂ ಕೂತನಂತೆ. ಅಲ್ಲೇ ತೀರಿಕೊಂಡ."



"ಆಮೇಲೆ ನಿಮ್ಮದು ತಪ್ಪು ಅಂದವರು ಯಾರೂ ಇಲ್ಲವಲ್ಲ, ಗುರುಗಳೇ?"

"ಯಾರೂ ಇಲ್ಲ. ಅದೇ ಸಂಕಟ."

ಗುರುಗಳು ಬಗ್ಗಿ ಆ ಪುಸ್ತಕ ಎತ್ತಿಕೊಂಡರು. ಹೊದ್ದ ಶಾಲಿನ ಅಂಚಿನಿಂದ ದೂಳು ಒರೆಸಿದರು. ಕಪಾಟಿನಲ್ಲಿ ಜಾಗವಿರಲಿಲ್ಲ. ತಮ್ಮನ್ನು ಒಪ್ಪುತ್ತಿದ್ದ ಎರಡು ಪುಸ್ತಕ ಕಿತ್ತು ಕೆಳಗಿಟ್ಟು, ಅಚಲಯ್ಯನ ಪುಸ್ತಕವನ್ನು ತಮ್ಮದರ ಪಕ್ಕದಲ್ಲೇ ನಿಲ್ಲಿಸಿದರು.

ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು. ಬರುವವರು ಬೇಗ ಬರಬೇಕಂತೆ.

ಪಶುಪತಿ ಬಾಗಿಲವರೆಗೆ ಹೋದ. ಹೊಸ್ತಿಲಲ್ಲೇ ನಿಂತ. ಅಲ್ಲಿಂದ ಇಂದುಧರನ ಬೆನ್ನು ಕಾಣುತ್ತಿತ್ತು.

"ಗುರುಗಳೇ, ನಾನಾಗಿ ಹೋಗಿ ಕರೆದರೆ ಸೋತಂತೆ ಆಗುವುದಿಲ್ಲವೇ?"

ಗುರುಗಳು ಕಪಾಟಿನ ಮುಂದಿನಿಂದ ಕದಲಲಿಲ್ಲ.

"ನಾನು ಸೋಲಲಿಲ್ಲ ಕಣಪ್ಪ. ಅದಕ್ಕೇ ಅಚಲಯ್ಯ ಇವತ್ತು ಕಪಾಟಿನಲ್ಲಿದ್ದಾನೆ."